ಬಹುಮಾನದ ತಟ್ಟೆ, ಮನೆಯ ಹೊಟ್ಟೆ

ದಸರೆ ಹತ್ತಿರವಾದಂತೆ ಊರೂರುಗಳಲ್ಲಿ ಅಡುಗೆ ಸ್ಪರ್ಧೆಗಳ ಸಡಗರ ಆರಂಭವಾಗುತ್ತದೆ. ಮಹಿಳಾ ಸಮಾಜದ ವಾರ್ಷಿಕೋತ್ಸವವಿರಲಿ, ಬಡಾವಣೆಯ ಗಣೇಶೋತ್ಸವವಿರಲಿ, ಕಾರ್ಯಕ್ರಮದ ಪಟ್ಟಿಯಲ್ಲಿ ರಂಗೋಲಿ ಸ್ಪರ್ಧೆಯ ಪಕ್ಕದಲ್ಲೇ ಪಾಕಸ್ಪರ್ಧೆಯೂ ಇರುತ್ತದೆ. ಮೈಸೂರು ದಸರೆಯ ಆಹಾರ ಮೇಳದಲ್ಲೂ ಅಡುಗೆ ಸ್ಪರ್ಧೆಗಳು ನಡೆದಿವೆ. ಕೃಷಿ ಇಲಾಖೆಯವರು ಜಿಲ್ಲಾ ಕೇಂದ್ರಗಳಲ್ಲಿ ಸಿರಿಧಾನ್ಯ ಮತ್ತು ಮರೆತುಹೋದ ಖಾದ್ಯಗಳ ಪಾಕಸ್ಪರ್ಧೆಗಳನ್ನು ಏರ್ಪಡಿಸಿದ್ದಾರೆ. ವಿಶ್ವಸಂಸ್ಥೆಯು 2023ನೇ ಇಸವಿಯನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲಂತೂ ನವಣೆ, ಸಾಮೆ, ಸಜ್ಜೆಗಳಿಗೆ ಸ್ಪರ್ಧೆಯ ಮೇಜಿನ ಮೇಲೆ ಹೊಸ ಗೌರವ ಬಂದಿದೆ.

ಇದು ಸಂತೋಷದ ವಿಷಯ. ದಿನವೂ ಬೇಯಿಸಿ ಬಡಿಸಿಯೂ ಒಂದು ಮೆಚ್ಚುಗೆಯ ಮಾತು ಕೇಳದ ಕೈಗಳಿಗೆ ವರ್ಷದಲ್ಲಿ ಒಂದು ದಿನ ಚಪ್ಪಾಳೆ ಸಿಗುತ್ತದೆ. ಅಜ್ಜಿಯ ಕಾಲದ ಹುರಿಹಿಟ್ಟು, ಹಾಲುಬಾಯಿ, ಹುರುಳಿಕಟ್ಟು ಮತ್ತೆ ಬೆಳಕು ಕಾಣುತ್ತವೆ. ಆದರೆ ಈ ಅಂಕಣದ ದೃಷ್ಟಿ ಬಹುಮಾನದ ಮೇಲಿಲ್ಲ. ಸ್ಪರ್ಧೆ ಮುಗಿದ ಮೇಲೆ ಆ ಖಾದ್ಯ ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ಪ್ರಶ್ನೆ. ಅದು ಮನೆಗೆ ಹೋಗುತ್ತದೆ. ಬಹುಮಾನ ಬಂದರೆ ಹಬ್ಬಕ್ಕೂ ನೆಂಟರು ಬಂದಾಗಲೂ ಅದೇ ಅಡುಗೆ. ಬಾರದಿದ್ದರೆ ಮುಂದಿನ ವರ್ಷ ಗೆಲ್ಲಲೇಬೇಕೆಂದು ಅದನ್ನೇ ತಿದ್ದಿ ತಿದ್ದಿ ಮಾಡುವ ಅಭ್ಯಾಸ. ತೀರ್ಪುಗಾರರು ತಿನ್ನುವುದು ಒಂದು ಚಮಚ. ಉಳಿದದ್ದೆಲ್ಲ ಮನೆಯವರ ಹೊಟ್ಟೆಗೆ.

ಆದ್ದರಿಂದ ಮುಂದಿನ ಸ್ಪರ್ಧೆಗೆ ಮೆನು ಹಾಕುವ ಮೊದಲು ಪ್ರತಿಯೊಬ್ಬ ಹವ್ಯಾಸಿ ಪಾಕಪ್ರವೀಣೆಯೂ (ಈಗೀಗ ಪಾಕಪ್ರವೀಣರೂ ಕಡಿಮೆಯಿಲ್ಲ) ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ‘ಈ ಅಡುಗೆಯನ್ನು ನಮ್ಮ ಮನೆಯವರು ತಿಂಗಳಿಗೆ ನಾಲ್ಕು ಸಲ ತಿಂದರೆ ಅವರಿಗೆ ಒಳ್ಳೆಯದೇ?’

ಸಿಹಿ, ಜಿಡ್ಡು, ಉಪ್ಪು ಹೆಚ್ಚುವುದೇಕೆ?

ಸ್ಪರ್ಧೆಯ ಅಡುಗೆಯಲ್ಲಿ ತುಪ್ಪ, ಬೆಲ್ಲ, ಉಪ್ಪು ಕೈ ಮೀರುವುದಕ್ಕೆ ಕೇವಲ ಧಾರಾಳತನ ಕಾರಣವಲ್ಲ. ಅದಕ್ಕೆ ಬೇರೆ ಕಾರಣಗಳಿವೆ.

ಮೊದಲನೆಯದು, ತೀರ್ಪುಗಾರರ ನಾಲಿಗೆ. ಇಪ್ಪತ್ತು ಮೂವತ್ತು ತಟ್ಟೆಗಳ ನಡುವೆ ಒಂದು ಚಮಚದಲ್ಲಿ ಎದ್ದು ಕಾಣಬೇಕಾದರೆ ರುಚಿ ಗಾಢವಾಗಿರಬೇಕು ಎಂಬ ಲೆಕ್ಕಾಚಾರ. ಒಂದು ಚಮಚಕ್ಕೆ ಹಿತವಾದ ಗಾಢತೆ ಒಂದು ಬಟ್ಟಲಿಗೆ ಅತಿಯಾಗುತ್ತದೆ.

ಎರಡನೆಯದು, ಆರಿದ ಅಡುಗೆ. ಬೆಳಿಗ್ಗೆ ಮಾಡಿದ ಪಾಯಸ ಮಧ್ಯಾಹ್ನ ತೀರ್ಪುಗಾರರ ಮುಂದೆ ಬರುವ ಹೊತ್ತಿಗೆ ತಣ್ಣಗಾಗಿರುತ್ತದೆ. ಬೆಚ್ಚಗಿದ್ದಾಗ ತಿಳಿಯುವಷ್ಟು ಸಿಹಿ ತಣ್ಣಗಾದಾಗ ನಾಲಿಗೆಗೆ ತಿಳಿಯುವುದಿಲ್ಲ. ಇದನ್ನು ಅನುಭವದಿಂದ ಬಲ್ಲವರು ಮೊದಲೇ ಎರಡು ಹಿಡಿ ಬೆಲ್ಲ ಹೆಚ್ಚಿಗೆ ಹಾಕುತ್ತಾರೆ. ಬೆಂದ ಧಾನ್ಯವೂ ಅಷ್ಟೆ. ಆರಿದಂತೆಲ್ಲ ಅದರ ಪಿಷ್ಟ ಬಿಗಿದುಕೊಂಡು ಅನ್ನ ಗಟ್ಟಿಯಾಗುತ್ತದೆ. ನವಣೆ, ಸಾಮೆಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅದನ್ನು ಮೆತ್ತಗೆ ತೋರಿಸಲು ತುಪ್ಪ ಸುರಿಯುತ್ತಾರೆ.

ಮೂರನೆಯದು, ಅಡುಗೆ ಮಾಡುವವರ ದಣಿದ ನಾಲಿಗೆ. ಬೆಳಗಿನಿಂದ ಹತ್ತು ಸಲ ರುಚಿ ನೋಡಿದ ನಾಲಿಗೆಗೆ ಉಪ್ಪು ಕಡಿಮೆಯೆಂದೇ ತೋರುತ್ತದೆ. ಕೊನೆಯ ರುಚಿಯನ್ನು ಆ ದಿನ ಅಡುಗೆಮನೆಗೆ ಕಾಲಿಡದವರೊಬ್ಬರಿಗೆ ಬಿಟ್ಟುಕೊಡುವುದು ಕ್ಷೇಮ.

ಒಂದು ಪಾಯಸದ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಗೃಹಿಣಿ ಸ್ಪರ್ಧೆಗೆಂದು ನವಣೆ ಪಾಯಸ ಮಾಡುತ್ತಾರೆ ಎನ್ನಿ. ಒಂದು ಲೋಟ ನವಣೆಗೆ ಕಾಲು ಕಿಲೋ ಬೆಲ್ಲ, 100 ಗ್ರಾಂ ತುಪ್ಪ, ಮೇಲೆ ಗೋಡಂಬಿ, ದ್ರಾಕ್ಷಿ, ತೆಂಗಿನ ಹಾಲು. ಎಂಟು ಬಟ್ಟಲು ಪಾಯಸವಾಗುತ್ತದೆ. ಆಗ ಒಂದು ಬಟ್ಟಲಿಗೆ ಸುಮಾರು 31 ಗ್ರಾಂ ಬೆಲ್ಲ, 12 ಗ್ರಾಂಗಿಂತ ಸ್ವಲ್ಪ ಹೆಚ್ಚು ತುಪ್ಪ. ಇವೆರಡರಿಂದಲೇ ಸುಮಾರು 230 ಕ್ಯಾಲೊರಿ. ನವಣೆ, ಗೋಡಂಬಿ, ತೆಂಗಿನ ಹಾಲಿನ ಲೆಕ್ಕ ಬೇರೆ.

ಹಾಲು ಮತ್ತು ಇಡೀ ಹಣ್ಣಿನಲ್ಲಿ ಸಹಜವಾಗಿ ಇರುವ ಸಕ್ಕರೆಯನ್ನು ಬಿಟ್ಟು, ನಾವು ಸೇರಿಸಿ ತಿನ್ನುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇಕಡ 10ನ್ನು ಮೀರಬಾರದು, ಶೇಕಡ 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಾಧಾರಣ ವಯಸ್ಕರಿಗೆ ಶೇಕಡ 5 ಎಂದರೆ ಸುಮಾರು 25 ಗ್ರಾಂ. ನಮ್ಮ ಪಾಯಸದ ಒಂದೇ ಬಟ್ಟಲು ಆ ಗಡಿ ದಾಟಿತು. ಬೆಳಗಿನ ಕಾಫಿಯ ಸಕ್ಕರೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

‘ಸಕ್ಕರೆ ಅಲ್ಲವಲ್ಲ, ಬೆಲ್ಲ ತಾನೆ?’ ಎನ್ನುವವರು ಬಹಳ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶಗಳು ಇರುವುದು ನಿಜ. ಆದರೆ ಅದು ಕೊಡುವ ಕ್ಯಾಲೊರಿ ಸಕ್ಕರೆಯಷ್ಟೇ. ರಕ್ತದಲ್ಲಿ ಅದು ಸಕ್ಕರೆಯಾಗಿಯೇ ಸೇರುತ್ತದೆ. ಜೇನುತುಪ್ಪದ ಕತೆಯೂ ಇದೇ. ಖರ್ಜೂರದಲ್ಲಿ ನಾರಿನಂಶ ಇದೆಯಾದರೂ ಸಕ್ಕರೆ ಹೇರಳ. ‘ಸಕ್ಕರೆ ರಹಿತ’ ಎಂದು ಚೀಟಿ ಬರೆದು ಖರ್ಜೂರ, ಜೇನು ಸುರಿದ ಸಿಹಿತಿಂಡಿಯನ್ನು ಮಧುಮೇಹಿಗಳಿಗೆ ಕೊಡುವುದು ಅಪಾಯ.

ಈಗ ಅಭ್ಯಾಸದ ಲೆಕ್ಕ ನೋಡಿ. ಸ್ಪರ್ಧೆಗೆ ಮೊದಲು ವಾರಕ್ಕೆ ಎರಡು ಸಲದಂತೆ ಮೂರು ವಾರ ಇದೇ ಪಾಯಸ ಮಾಡಿದರೆ ಆರು ಸಲವಾಯಿತು. ಒಂದೂವರೆ ಕಿಲೋ ಬೆಲ್ಲ, 600 ಗ್ರಾಂ ತುಪ್ಪ. ನೆರೆಮನೆಗೆ ಹೋದದ್ದನ್ನು ಕಳೆದರೂ ನಾಲ್ಕು ಜನರ ಸಂಸಾರಕ್ಕೆ ಇದು ಚಿಕ್ಕ ಮೊತ್ತವಲ್ಲ. ಆ ನಾಲ್ವರಲ್ಲಿ ಮಾವನವರಿಗೆ ಸಕ್ಕರೆ ಕಾಯಿಲೆ, ಅತ್ತೆಗೆ ರಕ್ತದೊತ್ತಡ ಇದ್ದರೆ? ‘ಮಾಡಿದ್ದನ್ನು ಚೆಲ್ಲುವುದೇಕೆ, ಒಂದು ಬಟ್ಟಲಿನಿಂದ ಏನಾಗುತ್ತದೆ’ ಎಂದು ಮನೆಯ ಹಿರಿಯರೇ ಅದನ್ನು ಮುಗಿಸುವುದು ನಮ್ಮ ಮನೆಗಳ ಪದ್ಧತಿ. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ ಅಂಕಿ ಏರಿದಾಗ ಅದಕ್ಕೂ ಸ್ಪರ್ಧೆಯ ಅಭ್ಯಾಸಕ್ಕೂ ಸಂಬಂಧವಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಇದು ಅಪರೂಪದ ಮನೆಯ ಚಿತ್ರವೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ರಕ್ತದೊತ್ತಡ ಇರುವವರ ಪ್ರಮಾಣ ವಯಸ್ಕರಲ್ಲಿ ನೂರಕ್ಕೆ 35ನ್ನು ಮೀರಿದೆ. ಹೀಗಿರುವಾಗ ಸ್ಪರ್ಧೆಯ ತಟ್ಟೆಯನ್ನು ಮನೆಯ ಆರೋಗ್ಯದಿಂದ ಬೇರೆ ಮಾಡಿ ನೋಡಲಾಗದು.

ಪರಿಹಾರ ಕಷ್ಟವೇನಲ್ಲ. ಅಭ್ಯಾಸವನ್ನು ಕಾಲು ಅಳತೆಯಲ್ಲಿ ಮಾಡಿ. ಕಾಲು ಲೋಟ ನವಣೆಯಿಂದ ಎರಡು ಬಟ್ಟಲು ಪಾಯಸವಾಗುತ್ತದೆ. ನಾಲ್ವರಿಗೆ ಅರ್ಧರ್ಧ ಬಟ್ಟಲು, ಅಷ್ಟೆ. ಪೂರ್ಣ ಅಳತೆಯ ಅಭ್ಯಾಸ ಕೊನೆಯಲ್ಲಿ ಒಂದು ಸಲ ಸಾಕು. ಅಳತೆಗಳನ್ನು ಪ್ರತಿ ಸಲವೂ ಪುಸ್ತಕದಲ್ಲಿ ಬರೆದಿಟ್ಟರೆ ಅಭ್ಯಾಸದ ಸಂಖ್ಯೆಯೇ ಕಡಿಮೆಯಾಗುತ್ತದೆ.

ಸಿರಿಧಾನ್ಯ ಎಂಬ ಹೆಸರೇ ಸಾಲದು

ಸಿರಿಧಾನ್ಯಗಳ ಗುಣ ದೊಡ್ಡದು. ನೂರು ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂವರೆಗೆ ಸುಣ್ಣದ ಅಂಶವಿದೆ. ಅಷ್ಟೇ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಿಗುವುದೂ ಕಷ್ಟ. ನವಣೆಯಲ್ಲಿ ಸಸಾರಜನಕ ಸುಮಾರು 12 ಗ್ರಾಂ; ಪಾಲಿಶ್ ಮಾಡಿದ ಅಕ್ಕಿಯಲ್ಲಿ ಏಳು ಎಂಟು ಗ್ರಾಂ. ನಾರಿನಂಶದಲ್ಲೂ ಅಕ್ಕಿಗಿಂತ ಇವುಗಳದೇ ಮೇಲುಗೈ.

ಆದರೆ ಇವು ಧಾನ್ಯಗಳೇ ಹೊರತು ಔಷಧಿಗಳಲ್ಲ. ನೂರು ಗ್ರಾಂ ನವಣೆಯಲ್ಲಿ ಸುಮಾರು 60 ಗ್ರಾಂ, ರಾಗಿಯಲ್ಲಿ 70 ಗ್ರಾಂ ಆಸುಪಾಸು ಶರ್ಕರಪಿಷ್ಟ ಇದ್ದೇ ಇದೆ. ‘ಸಿರಿಧಾನ್ಯವಲ್ಲವೇ’ ಎಂದು ಎರಡು ತಟ್ಟೆ ತಿಂದರೆ ಸಕ್ಕರೆ ಏರದೆ ಇರದು. ಇಡಿಯಾದ ಕಾಳು ನಿಧಾನವಾಗಿ ಜೀರ್ಣವಾಗುತ್ತದೆ. ಅದನ್ನೇ ನುಣ್ಣಗೆ ಹಿಟ್ಟು ಮಾಡಿ ಗಂಜಿಯಾಗಿ ಕುಡಿದರೆ ಬೇಗ ಜೀರ್ಣವಾಗಿ ರಕ್ತ ಸೇರುತ್ತದೆ. ಹೊಟ್ಟು ತೆಗೆಯುವುದಷ್ಟೇ ಅಲ್ಲ, ಬೆಳ್ಳಗೆ ಹೊಳೆಯುವಂತೆ ಪಾಲಿಶ್ ಮಾಡಿದ ಸಿರಿಧಾನ್ಯದಲ್ಲಿ ನಾರಿನಂಶವೂ ಕಳೆದುಹೋಗಿರುತ್ತದೆ. ನವಣೆಯ ಬರ್ಫಿ, ಸಾಮೆಯ ಗುಲಾಬ್ ಜಾಮೂನು, ರಾಗಿ ಕೇಕ್ ಎಂದು ಹೆಸರು ಬದಲಾದರೂ ಸಕ್ಕರೆಯ ಪಾಕ ಸಕ್ಕರೆಯ ಪಾಕವೇ.

ಇನ್ನೊಂದು ಎಚ್ಚರಿಕೆ. ಮೂತ್ರಪಿಂಡದ ತೊಂದರೆ ಇದ್ದು ಪೊಟ್ಯಾಸಿಯಂ, ರಂಜಕಗಳಿಗೆ ವೈದ್ಯರು ಮಿತಿ ಹಾಕಿರುವವರು ಸಿರಿಧಾನ್ಯ, ಕಾಳುಗಳನ್ನು ಹೆಚ್ಚಿಸುವ ಮೊದಲು ಅವರನ್ನು ಕೇಳಬೇಕು. ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ‘ನವಣೆ ತಿನ್ನುತ್ತಿದ್ದೇನೆ’ ಎಂದು ಮಾತ್ರೆ ಬಿಡಬಾರದು.

ಗಡಿಯಾರ ನೋಡಿ ಅಡುಗೆ

ಸ್ಪರ್ಧೆಯ ಅಡುಗೆಗೆ ಇನ್ನೊಂದು ಅಪಾಯವಿದೆ. ಅದು ರುಚಿಗೂ ನೋಟಕ್ಕೂ ಸಿಗುವುದಿಲ್ಲ. ಬಹಳಷ್ಟು ಕಡೆ ಖಾದ್ಯವನ್ನು ಮನೆಯಲ್ಲಿ ಮಾಡಿ ತರಬೇಕು. ಬೆಳಿಗ್ಗೆ ಏಳಕ್ಕೆ ಒಲೆಯಿಂದ ಇಳಿದ ಅಡುಗೆ, ಹತ್ತಕ್ಕೆ ಸಭಾಂಗಣ ಸೇರಿ, ಉದ್ಘಾಟನೆ, ಸ್ವಾಗತ, ಭಾಷಣಗಳೆಲ್ಲ ಮುಗಿದು ತೀರ್ಪುಗಾರರ ಮುಂದೆ ಬರುವಾಗ ಒಂದು ಗಂಟೆ. ಆಮೇಲೆ ‘ಎಲ್ಲರೂ ರುಚಿ ನೋಡಿ’ ಎಂದು ಮಕ್ಕಳಿಗೂ ಹಂಚುವುದುಂಟು. ಅಲ್ಲಿಗೆ ಆರು ಗಂಟೆ ಕಳೆಯಿತು.

ಬೇಯಿಸಿದ ಆಹಾರ ಸಾಧಾರಣ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಬಿಸಿಯಾಗಿಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಂಪಾಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ ಇಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸೂತ್ರ. ಇವೆರಡರ ನಡುವಿನ ಉಗುರುಬೆಚ್ಚಗಿನ ಶಾಖವೇ ರೋಗಾಣುಗಳಿಗೆ ಪ್ರಿಯ.

ಅಕ್ಕಿ ಮೊದಲಾದ ಧಾನ್ಯಗಳಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಇರುತ್ತವೆ. ಅನ್ನ ಬೆಂದರೂ ಇವು ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಮೊಳೆತು, ಬೆಳೆದು, ವಿಷ ತಯಾರಿಸುತ್ತವೆ. ವಾಂತಿ ತರಿಸುವ ಈ ವಿಷ ಮತ್ತೆ ಕುದಿಸಿದರೂ ನಾಶವಾಗದು. ತಿಂದ ಆರು ಗಂಟೆಗಳೊಳಗೆ ವಾಂತಿ ಶುರುವಾಗಬಹುದು. ಬೆರಳಿಗೆ ಗಾಯವಾಗಿದ್ದರೆ ಅಲ್ಲಿರುವ ಸ್ಟೆಫೈಲೋಕಾಕಸ್ ರೋಗಾಣು ಉಂಡೆ ಕಟ್ಟುವಾಗ, ಕಾಯಿ ಬೆರೆಸುವಾಗ ಆಹಾರ ಸೇರಿ ಇಂಥದೇ ತೊಂದರೆ ಕೊಡುತ್ತದೆ. ಬೆರಳು ಕೊಯ್ದುಕೊಂಡಿದ್ದರೆ ಪಟ್ಟಿ ಹಾಕಿ, ಮೇಲೆ ಕೈಚೀಲ ತೊಟ್ಟು ಕೆಲಸ ಮಾಡಬೇಕು. ಕೀವು ತುಂಬಿದ ಗಾಯವಿದ್ದರೆ ಆ ದಿನ ಅಡುಗೆಯನ್ನೇ ಮಾಡಬಾರದು.

ಹೀಗಾಗಿ ಮೆನು ಹಾಕುವಾಗ ‘ಕಾಯುವ ಗುಣ’ವನ್ನೂ ಒಂದು ಅಂಕವೆಂದು ತಿಳಿಯಿರಿ. ಹಸಿ ಕಾಯಿ ಚಟ್ನಿ, ಮೊಸರು ಬೆರೆಸಿದ ಅನ್ನ, ತೆಂಗಿನ ಹಾಲಿನ ಪಾಯಸ, ಕೆನೆ ಹಾಕಿದ ಸಿಹಿ ಇವು ಬೇಗ ಕೆಡುವ ಜಾತಿ. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಅಗಸೆ ಚಟ್ನಿಪುಡಿ, ಹುರಿಹಿಟ್ಟಿನ ಉಂಡೆ ಇವು ನೀರಿನಂಶ ಕಡಿಮೆಯಿದ್ದು ಕಾಯಬಲ್ಲ ಜಾತಿ. ಉತ್ತರ ಕರ್ನಾಟಕದ ಬುತ್ತಿಯಲ್ಲಿ ರೊಟ್ಟಿ, ಚಟ್ನಿಪುಡಿಗಳು ಸ್ಥಾನ ಪಡೆದಿರುವುದು ಬರಿಯ ರುಚಿಗಲ್ಲ.

ಮುಂದಿನ ಮೆನು: ಹೀಗೊಂದು ಮಾದರಿ

ಈ ಎಲ್ಲ ಅಂಶಗಳನ್ನು ಮುಂದಿಟ್ಟುಕೊಂಡು ಮೂರು ಖಾದ್ಯಗಳ ಒಂದು ಮೆನು ಇಲ್ಲಿದೆ. ಸ್ಪರ್ಧೆಗೂ ಆದೀತು, ಭಾನುವಾರದ ಊಟಕ್ಕೂ ಆದೀತು.

ಒಂದು, ನವಣೆ ಬಿಸಿಬೇಳೆ ಭಾತ್. ಆರು ಜನರಿಗೆ ಒಂದು ಲೋಟ ನವಣೆ, ಮುಕ್ಕಾಲು ಲೋಟ ತೊಗರಿಬೇಳೆ, ಮೂರು ಲೋಟ ಹೆಚ್ಚಿದ ತರಕಾರಿ. ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಹಸಿ ಬಟಾಣಿ ಇರಲಿ. ಜೊತೆಗೆ ಸೋರೆಕಾಯಿ ಸೇರಿಸಿದರೆ ಆರಿದ ಮೇಲೂ ಭಾತ್ ಮೆತ್ತಗಿರುತ್ತದೆ, ತುಪ್ಪ ಸುರಿಯುವ ಅಗತ್ಯ ಬೀಳುವುದಿಲ್ಲ. ನವಣೆಯನ್ನು ಎರಡು ಮೂರು ಗಂಟೆ ನೆನೆಸಿ, ಬೇಳೆ ತರಕಾರಿಗಳ ಜೊತೆ ನೀರು ಧಾರಾಳವಾಗಿ ಇಟ್ಟು ಬೇಯಿಸಿ. ಪುಡಿಯನ್ನು ಅಂದೇ ಹುರಿದು ಮಾಡಿ: ಕೊತ್ತಂಬರಿ ಬೀಜ, ಕಡಲೆಬೇಳೆ, ಮೆಂತ್ಯ, ಚಕ್ಕೆ, ಮರಾಠಿ ಮೊಗ್ಗು, ಬ್ಯಾಡಗಿ ಮೆಣಸಿನಕಾಯಿ, ಸ್ವಲ್ಪ ಒಣಕೊಬ್ಬರಿ. ಹೊಸ ಪುಡಿಯ ಘಮ, ಹುಣಸೆಯ ಹುಳಿ, ಇಂಗಿನ ಒಗ್ಗರಣೆ ಇದ್ದಾಗ ಉಪ್ಪು ಕಡಿಮೆಯಾದದ್ದು ತಿಳಿಯುವುದಿಲ್ಲ. ಆರು ಜನರಿಗೆ ಒಂದೂವರೆ ಚಹಾ ಚಮಚ ಉಪ್ಪು ಸಾಕು. ತಲೆಗೆ ಸುಮಾರು ಒಂದೂವರೆ ಗ್ರಾಂ ಆಯಿತು. ಇಡೀ ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಪಕ್ಕದಲ್ಲಿ ಹಪ್ಪಳ, ಉಪ್ಪಿನಕಾಯಿ ಇಟ್ಟರೆ ಈ ಲೆಕ್ಕ ತಲೆಕೆಳಗಾಗುತ್ತದೆ; ಆದ್ದರಿಂದ ಅವು ಬೇಡ. ತುಪ್ಪ ಎರಡು ದೊಡ್ಡ ಚಮಚ, ಒಗ್ಗರಣೆಗೆ ಮಾತ್ರ.

ಎರಡು, ಮೊಳಕೆ ಹುರುಳಿಕಾಳಿನ ಉಸಲಿ. ಹುರುಳಿ ಬಡವರ ಕಾಳೆಂದು ಹೆಸರಾದರೂ ನೂರು ಗ್ರಾಂ ಕಾಳಿನಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಬಿಟ್ಟರೆ ಮೊಳಕೆ ಬರುತ್ತದೆ. ಮೊಳಕೆಯಿಂದ ಕಬ್ಬಿಣದ ಅಂಶವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಹಸಿ ಮೊಳಕೆಯಲ್ಲಿ ರೋಗಾಣುಗಳು ಬೆಳೆದಿರಬಹುದು; ಚೆನ್ನಾಗಿ ಬೇಯಿಸಿಯೇ ಬಳಸಬೇಕು. ಒಗ್ಗರಣೆಗೆ ಎರಡು ಚಹಾ ಚಮಚ ಎಣ್ಣೆ, ಸಾಸಿವೆ, ಕರಿಬೇವು, ಹಸಿಮೆಣಸು, ಶುಂಠಿ. ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ನಿಂಬೆಯ ‘ಸಿ’ ಜೀವಸತ್ವ ಕಾಳಿನ ಕಬ್ಬಿಣಾಂಶ ರಕ್ತ ಸೇರಲು ನೆರವಾಗುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಈ ಲಾಭದಲ್ಲಿ ಒಂದು ಪಾಲು ನಷ್ಟ. ಒಂದು ಗಂಟೆ ತಡೆಯಿರಿ. ಹಸಿ ಕಾಯಿತುರಿ ಹಾಕುವುದಾದರೆ ಬಡಿಸುವ ಹೊತ್ತಿಗೆ ಮಾತ್ರ.

ಮೂರು, ರಾಗಿ ಹುರಿಹಿಟ್ಟಿನ ಉಂಡೆ. ಮರೆತುಹೋದ ಖಾದ್ಯವೆಂಬ ವಿಭಾಗಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು. ರಾಗಿಗೆ ಮಜ್ಜಿಗೆ ಚಿಮುಕಿಸಿ, ಅದು ಹೀರಿ ಆರಿದ ಮೇಲೆ ಕಾದ ಬಾಣಲೆಯಲ್ಲಿ ಹುರಿದರೆ ಅರಳಾಗುತ್ತದೆ, ಬೀಸಿದರೆ ಹುರಿಹಿಟ್ಟು. 200 ಗ್ರಾಂ ಹುರಿಹಿಟ್ಟು, ಹುರಿದ ಎಳ್ಳು 50 ಗ್ರಾಂ, ಹುರಿದು ತರಿತರಿಯಾಗಿ ಪುಡಿ ಮಾಡಿದ ಕಡಲೆಕಾಯಿ ಬೀಜ 50 ಗ್ರಾಂ, ಬೆಲ್ಲ 100 ಗ್ರಾಂ, ತುಪ್ಪ ಎರಡು ದೊಡ್ಡ ಚಮಚ, ಏಲಕ್ಕಿ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಕುದಿಸಿ, ಬಿಸಿಯಾಗಿರುವಾಗಲೇ ಹಿಟ್ಟಿಗೆ ಬೆರೆಸಿ ಹದಿನಾರು ಉಂಡೆ ಕಟ್ಟಿ. ಹಾಲು ಬೇಡ, ಹಾಲು ಹಾಕಿದರೆ ಬೇಗ ಕೆಡುತ್ತದೆ. ಒಂದು ಉಂಡೆಗೆ ಬೆಲ್ಲ ಸುಮಾರು 6 ಗ್ರಾಂ ಮಾತ್ರ. ರಾಗಿ, ಎಳ್ಳು ಎರಡೂ ಸೇರಿ ಒಂದು ಉಂಡೆಯಲ್ಲಿ ಸುಮಾರು 80 ಮಿಲಿಗ್ರಾಂ ಸುಣ್ಣದ ಅಂಶ. ಅದೆಲ್ಲವೂ ಮೈಗೆ ಹತ್ತದಿದ್ದರೂ ಸಕ್ಕರೆ ಪಾಕದ ಬರ್ಫಿಗಿಂತ ಇದು ಎಷ್ಟೋ ಮೇಲು. ಮಧುಮೇಹಿಗಳು ಊಟದ ಜೊತೆ ಅರ್ಧ ಉಂಡೆ ತಿಂದು, ಅಷ್ಟರಮಟ್ಟಿಗೆ ಅನ್ನ ಕಡಿಮೆ ಮಾಡಿಕೊಳ್ಳಬಹುದು.

ಪಾಯಸವೇ ಬೇಕೆನ್ನುವವರು ಮೊದಲು ಹೇಳಿದ ಅಳತೆಯನ್ನು ಹೀಗೆ ತಿದ್ದಿಕೊಳ್ಳಲಿ: ಬೆಲ್ಲ 120 ಗ್ರಾಂ, ತುಪ್ಪ 40 ಗ್ರಾಂ. ಬಟ್ಟಲಿಗೆ 15 ಗ್ರಾಂ ಬೆಲ್ಲ, 5 ಗ್ರಾಂ ತುಪ್ಪವಾಯಿತು. ಪ್ರತಿ ಬಟ್ಟಲಲ್ಲಿ 125 ಕ್ಯಾಲೊರಿಗೂ ಹೆಚ್ಚು ಉಳಿತಾಯ. ನವಣೆಯನ್ನು ಘಮ್ಮೆನ್ನುವಂತೆ ಹುರಿಯುವುದು, ಹೆಸರುಬೇಳೆ ಒಂದು ಹಿಡಿ ಸೇರಿಸುವುದು, ಏಲಕ್ಕಿ ಕೊನೆಯಲ್ಲಿ ಹಾಕುವುದು, ಬಿಸಿಬಿಸಿಯಾಗಿ ಬಡಿಸುವುದು, ಈ ನಾಲ್ಕರಿಂದ ಕಳೆದ ಸಿಹಿಯನ್ನು ಬಹುಮಟ್ಟಿಗೆ ತುಂಬಿಕೊಳ್ಳಬಹುದು.

ಅಲಂಕಾರಕ್ಕೆ ಬಣ್ಣದ ಬಾಟಲಿಗೆ ಕೈ ಹಾಕಬೇಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೂ ಕಾಟನ್ ಕ್ಯಾಂಡಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ್ದು ನೆನಪಿರಲಿ. ಬೀಟ್‌ರೂಟಿನ ಕೆಂಪು, ಪಾಲಕ್ ಸೊಪ್ಪಿನ ಹಸಿರು, ಅರಿಶಿನದ ಹಳದಿ, ದಾಳಿಂಬೆ ಕಾಳು ನಮ್ಮ ಅಡುಗೆಮನೆಯಲ್ಲೇ ಇವೆ.

ದಿನಗಳ ಲೆಕ್ಕ

ಕೊನೆಯ ದಿನದ ಧಾವಂತವೇ ಎಲ್ಲ ಎಡವಟ್ಟಿಗೂ ಮೂಲ. ಕೆಲಸವನ್ನು ಹೀಗೆ ಹಂಚಿಕೊಂಡರೆ ಅಡುಗೆಗೂ ಕ್ಷೇಮ, ಮಾಡುವವರಿಗೂ ಕ್ಷೇಮ.

ಎಂಟು ದಿನ ಮೊದಲು ರಾಗಿ ಅರಳು ಹುರಿದು ಹಿಟ್ಟು ಮಾಡಿ ಗಾಳಿಯಾಡದ ಡಬ್ಬಿಯಲ್ಲಿಡಿ. ಆ ವಾರದಲ್ಲೇ ಪೂರ್ಣ ಅಳತೆಯ ಒಂದು ಅಭ್ಯಾಸ ನಡೆಯಲಿ. ಭಾತನ್ನು ಕುದಿಯುತ್ತಿರುವಾಗಲೇ, ಬಿಸಿನೀರಿನಲ್ಲಿ ತೊಳೆದ ಹಾಟ್ ಬಾಕ್ಸ್‌ಗೆ ಅಂಚಿನವರೆಗೆ ತುಂಬಿ ಮುಚ್ಚಿ. ಮೂರು ಗಂಟೆಯ ಮೇಲೆ ಮುಚ್ಚಳ ತೆಗೆದಾಗ ಹಬೆ ಏಳಬೇಕು. ಅಡುಗೆಗೆ ಬಳಸುವ ಉಷ್ಣಮಾಪಕವಿದ್ದರೆ ನಡುಭಾಗದಲ್ಲಿ 60 ಡಿಗ್ರಿಗಿಂತ ಮೇಲೆ ತೋರಬೇಕು. ಇಲ್ಲದಿದ್ದರೆ ಆ ಡಬ್ಬಿ ಸ್ಪರ್ಧೆಗೆ ಬೇಡ.

ಎರಡು ದಿನ ಮೊದಲು ಹುರುಳಿ ನೆನೆಸಿ. ಹಿಂದಿನ ದಿನ ಮೊಳಕೆ ಕಟ್ಟಿ, ಉಂಡೆ ಮಾಡಿಡಿ. ಸ್ಪರ್ಧೆಯ ದಿನ ಭಾತ್ ಮತ್ತು ಉಸಲಿಯನ್ನು ಹೊರಡುವ ಹೊತ್ತಿಗೆ ಸರಿಯಾಗಿ ಮುಗಿಸಿ. ಬೆಳಗಿನ ಜಾವ ನಾಲ್ಕಕ್ಕೇ ಮಾಡಿಟ್ಟು ಕಾಯುವುದು ಬೇಡ. ಉಸಲಿಯೂ ಬಿಸಿ ಡಬ್ಬಿಯಲ್ಲೇ ಬರಲಿ. ತೀರ್ಪುಗಾರರು ಬರುವ ತನಕ ಮುಚ್ಚಳ ತೆರೆಯಬೇಡಿ. ಪ್ರದರ್ಶನಕ್ಕೆ ಇಟ್ಟ ತಟ್ಟೆ ನೋಡಲು ಮಾತ್ರ. ತಿನ್ನಲು ಕೊಡುವುದು ಡಬ್ಬಿಯಿಂದ. ಪ್ರದರ್ಶನದ ತಟ್ಟೆಯನ್ನು ಮಕ್ಕಳಿಗೆ ಹಂಚುವ ಅಥವಾ ಸಂಜೆ ಮನೆಗೆ ತಂದು ಬಿಸಿ ಮಾಡಿ ತಿನ್ನುವ ಉಳಿತಾಯ ಬೇಡವೇ ಬೇಡ.

ಇನ್ನು ಸ್ಪರ್ಧಿಯ ಆರೋಗ್ಯ. ಊರಿಗೆಲ್ಲ ಅಡುಗೆ ಮಾಡಿ ತಾವು ಬರಿ ಹೊಟ್ಟೆಯಲ್ಲಿ ಹೋಗುವವರೇ ಹೆಚ್ಚು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ಮಾಡಿದರೆ ರಕ್ತದ ಸಕ್ಕರೆ ಥಟ್ಟನೆ ಇಳಿಯಬಹುದು. ಬೆವರು, ಕೈನಡುಕ, ಎದೆಬಡಿತ, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಇದನ್ನು ಸ್ಪರ್ಧೆಯ ಆತಂಕವೆಂದು ತಪ್ಪು ತಿಳಿಯುವ ಸಂಭವವಿದೆ. ಕೂಡಲೇ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿದು ವೈದ್ಯರ ನೆರವು ಪಡೆಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಬೆಳಿಗ್ಗೆ ತಿಂಡಿ ತಿಂದೇ ಮನೆಯಿಂದ ಹೊರಡುವುದು ಎಲ್ಲಕ್ಕಿಂತ ಸುಲಭದ ಉಪಾಯ.

ಚೀಟಿಯಲ್ಲಿ ಏನು ಬರೆಯಬೇಕು?

ಖಾದ್ಯದ ಪಕ್ಕದಲ್ಲಿ ಇಡುವ ವಿವರ ಚೀಟಿಗೂ ಅಂಕಗಳಿರುವುದುಂಟು. ಅಲ್ಲಿ ‘ಸಕ್ಕರೆ ಕಾಯಿಲೆ ವಾಸಿಮಾಡುತ್ತದೆ’, ‘ಕ್ಯಾನ್ಸರ್ ಬಾರದು’ ಎಂಬ ಮಾತುಗಳು ಬೇಡ. ಯಾವ ಒಂದು ಅಡುಗೆಯೂ ಅಂಥ ಭರವಸೆ ಕೊಡಲಾರದು. ಅದನ್ನು ಓದಿ ಯಾರೋ ಒಬ್ಬರು ಔಷಧಿ ಬಿಟ್ಟರೆ ಹೊಣೆ ಯಾರದು? ಅದರ ಬದಲು ಬಳಸಿದ ಪದಾರ್ಥ, ಅಳತೆ, ಎಷ್ಟು ಜನರಿಗೆ, ತಲೆಗೆ ಎಷ್ಟು ಬೆಲ್ಲ, ಉಪ್ಪು, ಜಿಡ್ಡು ಎಂದು ಬರೆಯಿರಿ. ಕಡಲೆಕಾಯಿ, ಎಳ್ಳು, ಗೋಡಂಬಿ, ಹಾಲು ಇದ್ದರೆ ಎದ್ದು ಕಾಣುವಂತೆ ನಮೂದಿಸಿ. ಕೆಲವರಿಗೆ ಇವುಗಳ ಅಲರ್ಜಿ ಪ್ರಾಣಕ್ಕೆ ಕುತ್ತಾಗಬಲ್ಲದು. ಅಡುಗೆ ಇಳಿಸಿದ ಸಮಯವನ್ನೂ ಬರೆದರೆ ತೀರ್ಪುಗಾರರಿಗೆ ನಿಮ್ಮ ಎಚ್ಚರಿಕೆ ತಾನಾಗಿಯೇ ತಿಳಿಯುತ್ತದೆ.

ಸಂಘಟಕರಿಗೂ ಒಂದು ಮಾತು. ಭಾಷಣಗಳು ರುಚಿ ನೋಡಿದ ಮೇಲೆ ನಡೆಯಲಿ. ಕೈ ತೊಳೆಯಲು ಸೋಪು ನೀರು, ಒಬ್ಬೊಬ್ಬ ತೀರ್ಪುಗಾರರಿಗೂ ಪ್ರತಿ ತಟ್ಟೆಗೆ ಬೇರೆ ಚಮಚ ಇರಲಿ. ರುಚಿ, ನೋಟ, ಹೊಸತನಗಳ ಜೊತೆಗೆ ‘ದಿನನಿತ್ಯ ತಿನ್ನಬಹುದೇ’ ಎಂಬುದಕ್ಕೂ ಕೆಲವು ಅಂಕ ಮೀಸಲಿಟ್ಟರೆ ಮುಂದಿನ ವರ್ಷ ಮೇಜಿನ ಮೇಲಿನ ತಟ್ಟೆಗಳೇ ಬದಲಾಗುತ್ತವೆ. ಗೆಲ್ಲುವ ಆಸೆ ಇರುವವರು ಅಂಕಪಟ್ಟಿ ನೋಡಿಯೇ ಅಡುಗೆ ಮಾಡುತ್ತಾರೆ.

ಉಪ್ಪು, ಸಿಹಿ ತಗ್ಗಿಸಿದ ಅಡುಗೆ ಮೊದಲೆರಡು ಸಲ ಸಪ್ಪೆ ಎನ್ನಿಸಬಹುದು. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಹಳೆಯ ಪ್ರಮಾಣವೇ ಆಮೇಲೆ ಹೆಚ್ಚೆನಿಸುತ್ತದೆ. ಆದ್ದರಿಂದ ಮುಂದಿನ ಸ್ಪರ್ಧೆಯ ಸಿದ್ಧತೆಯನ್ನು ಇಂದಿನ ಸಾರಿನಿಂದಲೇ ಆರಂಭಿಸಿ. ಮನೆಯವರ ನಾಲಿಗೆ ಒಪ್ಪಿದ ಮೇಲೆ, ಅವರ ರಕ್ತಪರೀಕ್ಷೆಯೂ ಒಪ್ಪಿದ ಮೇಲೆ, ಆ ಅಡುಗೆಯನ್ನು ಧೈರ್ಯವಾಗಿ ತೀರ್ಪುಗಾರರ ಮುಂದೆ ಇಡಿ.